ಮೊದಲಕ್ಷರಕ್ಕೆ ಮುಂಚಿನ ಕುಣಿಕೆ

ಆ ಪ್ರಯೋಗಾಲಯಕ್ಕೆ ಹೊರಗಿನವರು ಯಾರೇ ಬರಲಿ, ಒಂದು ಟ್ಯೂಬು ರಕ್ತ ಕೊಡದೆ ಹೋಗುವಂತಿರಲಿಲ್ಲ. ಬರೆದಿಟ್ಟ ನಿಯಮವಲ್ಲ, ನಡೆದುಬಂದ ರೂಢಿ. ಊಟದ ಡಬ್ಬಿ ಕೊಡಲು ಬಂದ ಗಂಡ, ಮನೆಯ ಬೀಗದಕೈ ಕೇಳಲು ಬಂದ ನಾದಿನಿ, ಫ್ರಿಜ್ ರಿಪೇರಿಯವನು, ಎಲ್ಲರೂ ತೋಳು ಮಡಚಿ, ಒಂದು ಸಹಿ ಹಾಕಿ, ಟ್ಯೂಬು ತುಂಬಿಸಿ, ಆಮೇಲೆ ಚಹಾ ಕುಡಿಯುತ್ತಿದ್ದರು. ಕಾಯಿಲೆಯವರ ರಕ್ತದ ಪಕ್ಕದಲ್ಲಿಟ್ಟು ನೋಡಲು ಕಾಯಿಲೆಯಿಲ್ಲದವರ ರಕ್ತವೂ ಬೇಕಲ್ಲ. "ನಮ್ಮಲ್ಲಿ ಚಹಾ ಪುಕ್ಕಟೆ ಅಲ್ಲ ಸ್ವಾಮಿ" ಎಂದು ತಕ್ಕಡಿ ಎಂಬವನು ಬಂದವರನ್ನು ನಗಿಸುತ್ತಿದ್ದ. ಸದಾ ತೂಕದ ಯಂತ್ರದ ಮುಂದೆ ಬಗ್ಗಿಕೊಂಡಿರುತ್ತಿದ್ದ ಸಹೋದ್ಯೋಗಿಗೆ ಆ ಹೆಸರು ಯಾರು ಇಟ್ಟರೋ, ಅವನ ಹೆಂಡತಿಯೂ ಈಗ ಹಾಗೇ ಕರೆಯುತ್ತಿದ್ದಳು.

ಗುಬ್ಬಿಯೂ ಆ ಪ್ರಯೋಗಾಲಯದವಳೇ. ಅವಳ ಅಣ್ಣ ಬಂದದ್ದೂ ಹೀಗೇ, ಒಂದು ಸಂಜೆ ತಂಗಿಯನ್ನು ಕರೆದುಕೊಂಡು ಹೋಗಲು. ಗುಬ್ಬಿ ಎನ್ನುವುದು ಅವನೇ ಇಟ್ಟ ಹೆಸರು. ಮದುವೆಯಾಗಿ, ಕೂದಲಲ್ಲಿ ನಾಲ್ಕು ಬಿಳಿ ಎಳೆ ಬಂದಿದ್ದರೂ ಅವನಿಗೆ ಅವಳು ಗುಬ್ಬಿಯೇ. ಅವನು ಬೆಸುಗೆ ಕೆಲಸದವನು. ಅಂಗಿಯ ತುಂಬ ಕಿಡಿ ಹಾರಿ ಬಿದ್ದ ಸಣ್ಣ ತೂತುಗಳು. ಬಾಗಿಲಲ್ಲೇ ಕಣ್ಣು ಕಿರಿದು ಮಾಡಿ ಟ್ಯೂಬ್‌ಲೈಟಿನ ಕಡೆ ನೋಡಿದ.

"ಏನೇ ಇದು, ಇಷ್ಟೊಂದು ಬೆಳಕು. ಎಲ್ಲ ದೀಪದ ಸುತ್ತ ಕೂದಲು ಬೆಳೆದ ಹಾಗೆ ಕಾಣುತ್ತೆ."

"ಬೆಂಕಿ ನೋಡಿ ನೋಡಿ ಕಣ್ಣು ಹಾಳು ಮಾಡ್ಕೊಂಡಿದೀಯ. ಕೂತ್ಕೋ, ತೋಳು ಕೊಡು."

"ಪ್ರಯೋಗದ ಮೊಲಗಳು ಖರ್ಚಾಗಿ ಹೋದ್ವಾ?"

"ಮೊಲಕ್ಕೆ ಚಹಾ ಕೊಡಲ್ಲ. ನಿನಗೆ ಕೊಡ್ತೀವಿ."

ಸೂಜಿ ತೆಗೆದ ಮೇಲೆ ಅವನ ಮೊಣಕೈಯ ಒಳಮಗ್ಗುಲಿಗೆ ಹತ್ತಿಯಿಟ್ಟು, ತನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತಳು. ಚಿಕ್ಕವಳಿದ್ದಾಗ ಅವಳ ಮಂಡಿ ತರಚಿದರೆ ಅವನು ಹೀಗೇ ಒತ್ತಿ ಹಿಡಿಯುತ್ತಿದ್ದ.

ಚಹಾ ಕುಡಿಯುತ್ತ ಅವನು ಕೇಳಿದ, "ಅಲ್ಲ, ನೀವು ಇದರಲ್ಲಿ ಹುಡುಕೋದಾದರೂ ಏನನ್ನ?"

ಅವಳಿಗೆ ಹೇಳುವ ದಾರಿ ಗೊತ್ತಿತ್ತು. ಅವರ ಅಪ್ಪ ಪದ್ಯ ಹೇಳುವವರು. ಬೆಳಗಿನ ಪ್ರಾರ್ಥನೆ ಮುಗಿದರೆ ಹಜಾರದಲ್ಲಿ ಬೆನ್ನು ನೇರ ಮಾಡಿ ಕೂತು, ಕಣ್ಣು ಮುಚ್ಚಿ, ಪುಸ್ತಕ ಮುಟ್ಟದೆ ಪುಟಗಟ್ಟಲೆ ಹೇಳುತ್ತಿದ್ದರು. ಮಕ್ಕಳಿಬ್ಬರೂ ಆ ದನಿಯ ನೆರಳಲ್ಲಿ ಬೆಳೆದವರು.

"ಅಪ್ಪ ಪದ್ಯ ಶುರು ಮಾಡೋ ಮುಂಚೆ ರಾಗ ಎಳೀತಿದ್ರಲ್ಲ, ನೆನಪಿದೆಯಾ? ಆ ರಾಗದಲ್ಲಿ ಒಂದು ಪದನೂ ಇರ್ತಿರಲಿಲ್ಲ. ಆದ್ರೆ ಪದ್ಯ ಓಡುತ್ತೋ ನಿಲ್ಲುತ್ತೋ ಅನ್ನೋದು ಅಲ್ಲೇ ತೀರ್ಮಾನ ಆಗಿಬಿಡ್ತಿತ್ತು."

"ಹೌದಲ್ಲ. ರಾಗ ಕೇಳಿದ್ರೆ ಸಾಕಾಗ್ತಿತ್ತು, ಇವತ್ತು ಊಟ ತಡ ಅಂತ ಗೊತ್ತಾಗ್ತಿತ್ತು."

"ಮೈಯಲ್ಲಿ ಪ್ರತಿ ಪ್ರೋಟೀನಿಗೂ ಒಂದು ಸಂದೇಶ ಇರುತ್ತೆ. ಆರ್‌ಎನ್‌ಎ ಅಂತ, ದಾರದ ಹಾಗೆ. ಅದನ್ನ ಓದೋ ಯಂತ್ರ ರೈಬೋಸೋಮು. ಅದು ದಾರದ ತುದಿಯಿಂದ ಜಾರ್ಕೊಂಡು ಬಂದು, ಮೊದಲಕ್ಷರ ಸಿಕ್ಕಿದ ಕಡೆ ಓದೋಕೆ ಶುರು ಮಾಡುತ್ತೆ. ಆದ್ರೆ ಮೊದಲಕ್ಷರಕ್ಕೆ ಮುಂಚೆನೂ ಸ್ವಲ್ಪ ದಾರ ಇರುತ್ತೆ. ಅದು ಅಪ್ಪನ ರಾಗ. ಅದರಿಂದ ಪ್ರೋಟೀನ್ ಆಗಲ್ಲ, ಆದ್ರೆ ಅದು ಹೇಳಿದ ಹಾಗೆ ಎಲ್ಲ ನಡಿಯುತ್ತೆ."

ಅವಳು ನೋಡುತ್ತಿದ್ದ ಸಂದೇಶ ಫೆರಿಟಿನ್‌ನದು, ಕಬ್ಬಿಣವನ್ನು ಕೂಡಿಡುವ ಪ್ರೋಟೀನಿನದು. ಅದರ ರಾಗದ ಭಾಗದಲ್ಲಿ ದಾರ ತನ್ನ ಮೇಲೆ ತಾನೇ ಮಡಚಿಕೊಂಡು ಒಂದು ಪುಟ್ಟ ಕುಣಿಕೆಯಾಗಿರುತ್ತದೆ. ಮೈಯಲ್ಲಿ ಕಬ್ಬಿಣ ಕಡಿಮೆಯಾದಾಗ ಒಂದು ಕಾವಲು ಪ್ರೋಟೀನ್ ಬಂದು ಆ ಕುಣಿಕೆಯನ್ನು ಹಿಡಿದು ಕೂರುತ್ತದೆ. ರೈಬೋಸೋಮಿಗೆ ಒಳಗೆ ಹೋಗಲು ದಾರಿಯಿಲ್ಲ. ಕೂಡಿಡಲು ಏನೂ ಇಲ್ಲದಾಗ ಕಣಜ ಯಾಕೆ ಕಟ್ಟಬೇಕು? ಕಬ್ಬಿಣ ಹೆಚ್ಚಿದಾಗ ಕಾವಲು ಬಿಡುತ್ತದೆ, ಓದು ಶುರುವಾಗುತ್ತದೆ. ಕುಣಿಕೆಯಲ್ಲಿ ಒಂದೇ ಒಂದು ಕಡೆ ಕೆಟ್ಟರೂ ಕಾವಲಿಗೆ ಹಿಡಿತ ಸಿಗದು. ಆಗ ಕಬ್ಬಿಣ ಇರಲಿ ಬಿಡಲಿ, ಫೆರಿಟಿನ್ ಹುಟ್ಟುತ್ತಲೇ ಇರುತ್ತದೆ. ರಕ್ತದಲ್ಲಿ ತುಂಬುತ್ತದೆ, ಕಣ್ಣಿನ ಮಸೂರದಲ್ಲಿ ಹರಳುಗಟ್ಟಿ ಪೊರೆ ತರಿಸುತ್ತದೆ.

"ನಮ್ಮ ದೊಡ್ಡಮ್ಮ ಅರ್ಧ ಆಯುಸ್ಸು ಇದಕ್ಕೇ ಸವೆಸಿದ್ದಾರೆ" ಎಂದಳು ಗುಬ್ಬಿ.

ದೊಡ್ಡಮ್ಮ ಎಂದರೆ ಪ್ರಯೋಗಾಲಯದ ಮುಖ್ಯಸ್ಥೆ. ಎದುರಿಗೆ ಮೇಡಂ, ಬೆನ್ನ ಹಿಂದೆ ದೊಡ್ಡಮ್ಮ. ಗುಬ್ಬಿಗೆ ಮಾತ್ರ ಎದುರಿಗೂ ದೊಡ್ಡಮ್ಮನೇ. ಅವಳಿಗೆ ಗರ್ಭ ನಿಲ್ಲದೆ ಹೋದಾಗ ಆಸ್ಪತ್ರೆಯ ಮಂಚದ ಪಕ್ಕ ಕೂತು ಅನ್ನ ಕಲಸಿ ಬಾಯಿಗೆ ಇಟ್ಟವರು ಅವರು. ಅಪ್ಪ ತೀರಿಕೊಂಡಾಗ ಮನೆಗೆ ಬಂದು, ಹಜಾರದಲ್ಲಿ ಅಪ್ಪ ಕೂರುತ್ತಿದ್ದ ಜಾಗ ಯಾವುದೆಂದು ಕೇಳಿ, ಅಲ್ಲಿ ಕೈಮುಗಿದು ಹೋದವರು. ಬೆಳಗಿನ ಪ್ರಾರ್ಥನೆಯಲ್ಲಿ ಗುಬ್ಬಿ ಹೆಸರು ಹಿಡಿದು ನೆನೆಯುತ್ತಿದ್ದ ಮಂದಿ ಕಡಿಮೆ. ಅದರಲ್ಲಿ ದೊಡ್ಡಮ್ಮ ಒಬ್ಬರು.

ಮರುವಾರ ಅಣ್ಣನ ಟ್ಯೂಬು ಜೆಲ್ಲಿಗೆ ಬಂತು. ಒಬ್ಬೊಬ್ಬರ ಸಂದೇಶದ ರಾಗಭಾಗವನ್ನೂ ನಕಲು ಮಾಡಿ, ಕಾವಲು ಪ್ರೋಟೀನಿನ ಜೊತೆ ಬೆರೆಸಿ, ಮೆತ್ತನೆಯ ಹಾಳೆಯಂಥ ಜೆಲ್ಲಿನಲ್ಲಿ ಮೇಲಿಂದ ಕೆಳಕ್ಕೆ ಓಡಿಸುವುದು ಅವಳ ಕೆಲಸ. ಕಾವಲು ಹಿಡಿದ ಸಂದೇಶ ಭಾರಕ್ಕೆ ಓಡಲಾರದೆ ಮೇಲೇ ನಿಲ್ಲುತ್ತದೆ. ಹಿಡಿತ ಸಿಗದ್ದು ಜಾರಿ ಕೆಳಗಿಳಿಯುತ್ತದೆ. ಅವಳದೇ ರಕ್ತದ್ದು ಎಂದಿನಂತೆ ಮೇಲೆ ದಪ್ಪ ಗೆರೆಯಾಗಿ ನಿಂತಿತ್ತು. ಅಣ್ಣನದು ಅರ್ಧ ಮೇಲೆ, ಅರ್ಧ ಕೆಳಗೆ.

ಆರ್‌ಎನ್‌ಎ ಮುಟ್ಟಿದರೆ ಮುನಿಯುವ ವಸ್ತು. ಬೆರಳು ತಗುಲಿದರೆ ಕೆಟ್ಟಿತು, ಉಸಿರು ಬಿದ್ದರೆ ಕೆಟ್ಟಿತು. ಅದರ ಜೊತೆ ಏಗುವವರು ಏನು ತಪ್ಪು ಕಂಡರೂ ಮೊದಲು ಟ್ಯೂಬನ್ನೇ ಬೈಯುತ್ತಾರೆ. ಗುಬ್ಬಿಯೂ ಬೈದಳು.

"ದೊಡ್ಡಮ್ಮ, ಇದೊಂದು ಕೆಟ್ಟಿದೆ. ಬೇರೆಯವರದು ತಗೋತೀನಿ."

ದೊಡ್ಡಮ್ಮ ಕನ್ನಡಕ ಏರಿಸಿ ಜೆಲ್ಲಿನ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು. "ಹ್ಞೂಂ. ಉಳಿದ ರಕ್ತ ಎಸೀಬೇಡ, ನನ್ನ ಫ್ರೀಜರಲ್ಲಿ ಇಟ್ಟುಬಿಡು" ಎಂದರು.

ಆ ಭಾನುವಾರ ಗುಬ್ಬಿ ಅಣ್ಣನಿಗೆ, "ನಿನ್ನ ರಕ್ತವೂ ನಿನ್ನ ಹಾಗೇ, ಅರ್ಧ ಮಾತು ಕೇಳುತ್ತೆ, ಅರ್ಧ ಕೇಳಲ್ಲ" ಎಂದು ರೇಗಿಸಿದಳು. ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದವಳು, "ಅರ್ಧ ಕೇಳುತ್ತಾ? ನನಗೆ ಕಂಡೇ ಇಲ್ಲವಲ್ಲ" ಎಂದಳು. ಮೂವರೂ ನಕ್ಕರು.

ಮಳೆಗಾಲ ಕಳೆದ ಮೇಲೆ ಕಾರ್ಖಾನೆಯಲ್ಲಿ ಕೆಲಸಗಾರರ ರಕ್ತ ಪರೀಕ್ಷೆ ನಡೆಯಿತು. ಅಣ್ಣನ ಫೆರಿಟಿನ್ ಹೇಳಲಾಗದಷ್ಟು ಏರಿತ್ತು. ಫೆರಿಟಿನ್ ಏರಿದರೆ ಕಬ್ಬಿಣ ಏರಿದೆ ಎಂದೇ ಡಾಕ್ಟರುಗಳ ಲೆಕ್ಕ. ಬೆಸುಗೆಯ ಹೊಗೆಯಲ್ಲಿ ಕಬ್ಬಿಣ ಮೈಗೆ ಹೋಗುತ್ತದೆ ಎಂದರು. ಗುಬ್ಬಿಯ ಕಟ್ಟಡದ ಎದುರಿಗೇ ಆಸ್ಪತ್ರೆ. ಅಲ್ಲಿನ ರಕ್ತದ ಡಾಕ್ಟರು ನೋಡಿ, ಕಬ್ಬಿಣ ಇಳಿಸಲು ರಕ್ತ ತೆಗೆಯುವುದೇ ದಾರಿ ಎಂದರು.

ಗುಬ್ಬಿ ದಡ್ಡಿಯಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ದೊಡ್ಡಮ್ಮನ ಕೋಣೆಗೆ ಹೋದಳು.

"ದೊಡ್ಡಮ್ಮ, ನಮ್ಮಣ್ಣಂದು ಕುಣಿಕೆಯದೇ ತೊಂದರೆ ಇರಬಹುದಾ? ಅವನಿಗೆ ದೀಪ ನೋಡಿದ್ರೆ ಕಣ್ಣು ಚುಚ್ಚುತ್ತೆ. ಅಪ್ಪನಿಗೂ ಕೊನೇಲಿ ಪೊರೆ ಇತ್ತು. ಆ ಕೆಟ್ಟ ಜೆಲ್ಲು..."

ದೊಡ್ಡಮ್ಮ ಕುರ್ಚಿಯಿಂದ ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟರು. "ನನಗೂ ಹಾಗೇ ಅನ್ನಿಸಿತು ಮಗಳೇ. ಅವನ ರಕ್ತ ನನ್ನ ಹತ್ತಿರ ಇತ್ತಲ್ಲ, ಅಕ್ಷರ ಅಕ್ಷರ ಓದಿಸಿ ನೋಡಿದೆ. ಕುಣಿಕೆ ನೆಟ್ಟಗಿದೆ. ಇದು ಬೆಸುಗೆಯ ಕಬ್ಬಿಣವೇ. ವಯಸ್ಸಾದವರಿಗೆ ಪೊರೆ ಬಾರದೆ ಇನ್ನೇನು?"

ದೇವರೇ ಹೇಳಿದ ಹಾಗಾಯಿತು. ಗುಬ್ಬಿ ತಾನೊಮ್ಮೆ ಓದಿಸಿ ನೋಡಲಿಲ್ಲ. ನೋಡುವುದೆಂದರೆ ಆ ಭುಜದ ಮೇಲಿನ ಕೈಯನ್ನು ಅನುಮಾನಿಸಿದ ಹಾಗಲ್ಲವೇ?

ದೊಡ್ಡಮ್ಮ ಮತ್ತೊಂದು ಮಾತು ಹೇಳಿದರು. ಮೇಲಿಂದ ಮೇಲೆ ರಕ್ತ ತೆಗೆದವರ ಮೈ ಹೊಸ ಕೆಂಪು ಕಣಗಳನ್ನು ಆತುರದಲ್ಲಿ ತಯಾರಿಸುತ್ತದೆ, ಆ ಎಳೆಯ ಕಣಗಳಲ್ಲಿ ರೈಬೋಸೋಮುಗಳು ಇನ್ನೂ ಓದುತ್ತಿರುತ್ತವೆ, ನಮ್ಮ ಕೆಲಸಕ್ಕೆ ಅದು ಚಿನ್ನ. "ಹೇಗಿದ್ದರೂ ಆಸ್ಪತ್ರೆಯವರು ಚೆಲ್ಲುವ ರಕ್ತ. ಅಣ್ಣ ಒಪ್ಪಿದರೆ ನಮಗಿರಲಿ."

ಅಣ್ಣ ಒಪ್ಪಿದ. "ನೋಡಿದ್ಯಾ, ಕೊನೆಗೂ ನನ್ನ ಮೊಲ ಮಾಡಿದ್ರಿ" ಎಂದು ನಕ್ಕು ಸಹಿ ಹಾಕಿದ.

ಅಂದಿನಿಂದ ಅಣ್ಣನ ಸರದಿ ಬಂದಾಗೆಲ್ಲ ಗುಬ್ಬಿ ರಸ್ತೆ ದಾಟಿ ಹೋಗುತ್ತಿದ್ದಳು. ಹತ್ತಿ ಒತ್ತಿ ಹಿಡಿಯುತ್ತಿದ್ದಳು. ಆಮೇಲೆ ಬೆಚ್ಚಗಿನ ಚೀಲವನ್ನು ಐಸಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಎದೆಗೆ ಅವಚಿಕೊಂಡು, ಮೂರನೇ ಮಹಡಿಯ ಮೆಟ್ಟಿಲು ಹತ್ತುತ್ತಿದ್ದಳು. ಒಮ್ಮೆ ಕಾಲು ಜಾರಿ ಡಬ್ಬಿ ಉರುಳಿತು, ಚೀಲ ಬಿರಿದು ಮೆಟ್ಟಿಲ ಮೇಲೆಲ್ಲ ರಕ್ತ. ತಾನೇ ಒರೆಸಿ, ಉಳಿದ ಸ್ವಲ್ಪವನ್ನು ಒಯ್ದು ಕೊಟ್ಟಳು. ದೊಡ್ಡಮ್ಮ ಅಂದು ಮಾತ್ರ ಸಿಡುಕಿದ್ದರು.

ಫೆರಿಟಿನ್ ಇಳಿಯಲಿಲ್ಲ. ಇಳಿದದ್ದು ಅಣ್ಣ. ತುಟಿಯ ಬಣ್ಣ ಹೋಯಿತು, ಉಗುರು ಬಿಳಿಚಿದವು. ಏಣಿ ಹತ್ತಿ ಬೆಸುಗೆ ಹಾಕುತ್ತಿದ್ದವನು ಕೆಳಗೆ ಕೂತು ಮಾಡುವ ಕೆಲಸ ಕೇಳಿಕೊಂಡ. ಚಳಿಗಾಲದಲ್ಲಿ ಜ್ವರ ಹಿಡಿದು ಮಲಗಿದಾಗ ಡಾಕ್ಟರು ಕೆಲವು ವಾರ ರಕ್ತ ತೆಗೆಯುವುದನ್ನು ನಿಲ್ಲಿಸಿದರು. ಕಬ್ಬಿಣದ ಮಾತ್ರೆ ಬೇಡ, ಪಥ್ಯ ಬಿಡಬೇಡಿ ಎಂದರು. ಎದ್ದ ಮೇಲೆ ಮತ್ತೆ ಶುರು. ಅಳೆಯುತ್ತಿದ್ದ ಒಂದೇ ಸಂಖ್ಯೆ ಇನ್ನೂ ಮೇಲೇ ಇತ್ತಲ್ಲ.

"ನಿಮ್ಮಣ್ಣ ಮೆಟ್ಟಿಲು ಹತ್ತೋವಾಗ ಗೋಡೆ ಹಿಡ್ಕೋತಾರೆ ಕಣೇ" ಎಂದಳು ಅತ್ತಿಗೆ. "ನೀನು ಅಷ್ಟು ಓದಿದವಳು. ಇನ್ನೆಷ್ಟು ದಿನ ಇದು?"

"ದೊಡ್ಡಮ್ಮನ್ನ ಕೇಳಿದೀನಿ ಅತ್ತಿಗೆ. ಇಳಿಯುತ್ತಂತೆ. ತಾಳ್ಮೆ ಬೇಕಂತೆ."

ಬೇಸಿಗೆಯ ಹೊಸ್ತಿಲಲ್ಲಿ, ದೊಡ್ಡ ಸಭೆಯೊಂದಕ್ಕೆ ಹೋಗುವ ಮುಂಚೆ ದೊಡ್ಡಮ್ಮ ತಮ್ಮವರ ಮುಂದೆ ಭಾಷಣದ ತಾಲೀಮು ಇಟ್ಟುಕೊಂಡರು. ಮಧ್ಯಾಹ್ನದ ಹೊತ್ತು. ಕಿಟಕಿಯ ಪರದೆ ಎಳೆದಿದ್ದರು. ಗುಬ್ಬಿಗೆ ಅರ್ಧ ಕೇಳಿಸಿಕೊಂಡು ಆಸ್ಪತ್ರೆಗೆ ಓಡುವುದಿತ್ತು. ಅಂದು ಅಣ್ಣನ ಸರದಿ.

"ಇದು ಕುಣಿಕೆ ಕೆಟ್ಟ ಒಬ್ಬ ಪುರುಷ" ಎಂದರು ದೊಡ್ಡಮ್ಮ, ಪರದೆಯ ಮೇಲೆ ನಕ್ಷೆ ಮೂಡುತ್ತಿದ್ದಂತೆ. "ಮೈಯ ಕಬ್ಬಿಣವನ್ನು ಹಂತ ಹಂತವಾಗಿ ಇಳಿಸಿದೆವು. ಕೆಳಗಿನ ಗೆರೆ ಕಬ್ಬಿಣ, ಇಳಿಯುತ್ತಾ ಹೋಗಿದೆ. ಮೇಲಿನ ಗೆರೆ ಫೆರಿಟಿನ್, ಮಿಸುಕಿಲ್ಲ. ಕಾವಲು ಇದೆ, ಹಿಡಿಯಲು ಕುಣಿಕೆ ಇಲ್ಲ."

ಯಾರೋ ಹೌದೌದು ಎಂದರು. ಗುಬ್ಬಿ ಆ ಗೆರೆಯ ಚುಕ್ಕಿಗಳನ್ನು ನೋಡುತ್ತಿದ್ದಳು. ಸಾಲಾಗಿ ಬಂದ ಚುಕ್ಕಿಗಳು ಚಳಿಗಾಲದಲ್ಲಿ ನಿಂತಿದ್ದವು, ಕೆಲವು ವಾರ ಏನೂ ಇಲ್ಲ, ಮತ್ತೆ ಶುರು. ಅದಕ್ಕೂ ಹಿಂದೆ, ಎಲ್ಲ ತುಂಬಿದ ಚುಕ್ಕಿಗಳ ನಡುವೆ, ಒಂದು ಮಾತ್ರ ಟೊಳ್ಳು.

"ಈ ಟೊಳ್ಳು ಯಾಕೆ ಮೇಡಂ?" ಎಂದು ತಕ್ಕಡಿ ಕೇಳಿದ.

"ಅವತ್ತು ಮಾದರಿ ಸಾಕಷ್ಟು ಇರಲಿಲ್ಲ. ಸಾಗಿಸುವಾಗ ಚೆಲ್ಲಿತು."

ಮೆಟ್ಟಿಲ ಮೇಲಿನ ರಕ್ತ ಗುಬ್ಬಿಯ ಕಣ್ಣಮುಂದೆ ಬಂತು. ಒರೆಸಿದ ಬಟ್ಟೆ ಹಿಂಡಿದ್ದು, ಬಕೆಟ್ಟಿನ ನೀರು ಗುಲಾಬಿಯಾದದ್ದು. ಅವಳು ಎದ್ದು ಕುರ್ಚಿಯ ಬೆನ್ನು ಹಿಡಿದುಕೊಂಡಳು. ದೀಪ ಹಾಕಿ ಎಲ್ಲರೂ ಎದ್ದು ಹೋಗುವವರೆಗೂ ಹಾಗೇ ನಿಂತಿದ್ದಳು.

"ಅದು ನಮ್ಮಣ್ಣ."

ದೊಡ್ಡಮ್ಮ ತಂತಿ ಸುತ್ತುತ್ತಿದ್ದರು. ಕೈ ನಿಂತಿತು. ಅಲ್ಲ ಎನ್ನಲಿಲ್ಲ. "ಕೂತ್ಕೋ" ಎಂದರು.

"ಕುಣಿಕೆ ನೆಟ್ಟಗಿದೆ ಅಂದ್ರಿ. ನನ್ನ ಭುಜದ ಮೇಲೆ ಕೈಯಿಟ್ಟು ಅಂದ್ರಿ."

"ಹೇಳಿದ್ದರೆ ನೀನು ಆ ದಿನವೇ ನಿಲ್ಲಿಸಿಬಿಡ್ತಿದ್ದೆ."

"ನಿಲ್ಲಿಸದೆ?"

"ಯೋಚನೆ ಮಾಡು ಮಗಳೇ. ಗಾಜಿನ ನಳಿಗೆಯಲ್ಲಿ ನೋಡಿದ್ದನ್ನ ಜೀವಂತ ಮನುಷ್ಯನಲ್ಲಿ, ಅದೂ ಒಬ್ಬನಲ್ಲೇ, ಇಷ್ಟು ದಿನ ನೋಡೋಕೆ ಸಿಗೋದು ಅಂದ್ರೆ ಏನು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರಕ್ತ ತೆಗೆಯೋಕೆ ನಾನು ಹೇಳಲಿಲ್ಲ. ಡಾಕ್ಟರು ತೆಗೀತಿದ್ರು. ನಾನು ನೋಡಿದೆ, ಅಷ್ಟೇ. ಅವನು ಸಹಿನೂ ಹಾಕಿದಾನೆ."

"ಚೆಲ್ಲೋ ರಕ್ತ ಬಳಸ್ಕೊಳ್ಳಿ ಅಂತ ಹಾಕಿದ್ದು. ಬಳಸ್ಕೊಳ್ಳೋಕೆ ತೆಗೀರಿ ಅಂತಲ್ಲ."

ದೊಡ್ಡಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಾಯಲ್ಲ ಅವನು. ನಿಲ್ಲಿಸಿದ ಮೇಲೆ ಸುಧಾರಿಸ್ಕೋತಾನೆ. ಇವತ್ತಿಂದು ಕೊನೇದು ಅಂತ ನಾನೇ ಅಂದ್ಕೊಂಡಿದ್ದೆ, ನಾಳೆ ಡಾಕ್ಟರಿಗೆ ಹೇಳೋಳಿದ್ದೆ. ಪ್ರಬಂಧದಲ್ಲಿ ನನ್ನ ಹೆಸರಿನ ಪಕ್ಕ ನಿನ್ನ ಹೆಸರಿದೆ."

ದನಿ ಅದೇ. ಅನ್ನ ಕಲಸಿ ಬಾಯಿಗಿಟ್ಟಾಗ, ಇನ್ನೊಂದು ತುತ್ತು ಅಂದಿದ್ದ ದನಿ. ಅದು ಒಂಚೂರೂ ಬದಲಾಗದೆ ಇದ್ದದ್ದೇ ಗುಬ್ಬಿಗೆ ಹೆಚ್ಚು ಚುಚ್ಚಿತು.

"ನನ್ನ ಹೆಸರು ತೆಗೀರಿ ಮೇಡಂ" ಎಂದಳು.

ಅವಳು ಅವರನ್ನು ಹಾಗೆ ಕರೆದದ್ದು ಅದೇ ಮೊದಲು. ಉತ್ತರಕ್ಕೆ ನಿಲ್ಲದೆ ಮೆಟ್ಟಿಲಿಳಿದು ಓಡಿದಳು.

ರಸ್ತೆ ದಾಟಿ ಆಸ್ಪತ್ರೆಯ ಕೋಣೆ ಹೊಕ್ಕಾಗ ಅಣ್ಣ ಒರಗುಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ್ದ. ತೋಳಲ್ಲಿ ಸೂಜಿ. ಕೆಳಗೆ ಯಂತ್ರದ ತಟ್ಟೆಯ ಮೇಲೆ ಚೀಲ ತೊಟ್ಟಿಲಿನಂತೆ ತೂಗುತ್ತಿತ್ತು, ಅರ್ಧ ತುಂಬಿತ್ತು.

"ನಿಲ್ಲಿಸಿ ಸಿಸ್ಟರ್. ಸೂಜಿ ತೆಗೀರಿ."

"ಡಾಕ್ಟರು ಹೇಳದೆ ಹೇಗೆ ತೆಗೀಲಿ? ನೀವೇ ಅಲ್ವಾ ಪ್ರತಿ ಸಲ ಡಬ್ಬಿ ಹಿಡ್ಕೊಂಡು ಕಾಯ್ತಾ ನಿಲ್ಲೋದು?"

ಮಾತು ತಾಗಬೇಕಾದ ಕಡೆ ತಾಗಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ರಕ್ತದ ಡಾಕ್ಟರೇ ಬಂದರು. ಗುಬ್ಬಿ ಏದುಸಿರಿನಲ್ಲೇ ಎಲ್ಲ ಹೇಳಿದಳು. ಅವರು ಅಣ್ಣನ ಕೈ ಹಿಡಿದು ಬಿಳಿಚಿದ ಉಗುರು ನೋಡಿದರು.

"ನನಗೂ ಅನುಮಾನ ಬಂದಿತ್ತಮ್ಮ. ನಿಮ್ಮ ಮೇಡಂಗೇ ಫೋನ್ ಮಾಡಿ ಕೇಳಿದೆ. ಅದರಲ್ಲಿ ಅವರಿಗಿಂತ ತಿಳಿದವರು ಯಾರಿದ್ದಾರೆ? ಕುಣಿಕೆ ಸರಿಯಿದೆ, ಧೈರ್ಯವಾಗಿ ತೆಗೀರಿ ಅಂದ್ರು." ತಾವೇ ಬಗ್ಗಿ ಕೊಳವೆಗೆ ಚಿಮಟ ಹಾಕಿ ಹರಿವು ನಿಲ್ಲಿಸಿದರು. "ಇನ್ನೊಮ್ಮೆ ಓದಿಸಿ ನೋಡೋಣ. ಅಲ್ಲೀವರೆಗೆ ಒಂದು ಹನಿಯೂ ಬೇಡ."

ಅವರು ಹೋದರು. ತಟ್ಟೆಯ ತೂಗಾಟ ನಿಂತಿತು. ಅಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಬಿಡಿಸಿ ಹೇಳು ಗುಬ್ಬಿ. ನನಗೆ ಕಬ್ಬಿಣ ಜಾಸ್ತಿ ಇರಲೇ ಇಲ್ವಾ?"

"ಇಲ್ಲ ಅಣ್ಣ. ಕಣಜ ಮಾತ್ರ ದೊಡ್ಡದು. ಒಳಗೆ ಕಾಳಿಲ್ಲ. ಇದ್ದಿದ್ದನ್ನೂ ನಾವೇ ತೆಗೆದ್ವಿ."

"ಕಣ್ಣು?"

"ಅದೂ ಇದರಿಂದಲೇ. ಬೆಂಕಿಯಿಂದ ಅಲ್ಲ. ಶಸ್ತ್ರಚಿಕಿತ್ಸೆ ಮಾಡಿದ್ರೆ ಸರಿಹೋಗುತ್ತೆ."

ಅವನು ಚಾವಣಿಯ ದೀಪ ನೋಡಿ ಕಣ್ಣು ಕಿರಿದು ಮಾಡಿದ. "ಅಪ್ಪನಿಗೂ ಇದೇ ಇತ್ತಾ?"

"ಇದ್ದಿರಬೇಕು. ಅವರಿಂದಲೇ ನಿನಗೆ ಬಂದಿರೋದು."

"ಪುಸ್ತಕ ಕಾಣ್ತಿರಲಿಲ್ಲ ಅಂತ ಕಣ್ಣು ಮುಚ್ಕೋತಿದ್ರು. ನಾವು ಭಕ್ತಿ ಅಂದ್ಕೊಂಡ್ವಿ."

"ಭಕ್ತಿನೂ ಇತ್ತು ಅಣ್ಣ."

"ಇತ್ತು" ಎಂದ ಅವನು. ತಲೆಯನ್ನು ಅವಳ ಕಡೆ ತಿರುಗಿಸಿದ. ಕೇಳುವಾಗ ದನಿ ಏರಲಿಲ್ಲ. "ನಿನಗೆ ಗೊತ್ತಿತ್ತಾ?"

"ಅಪ್ಪನಾಣೆ ಗೊತ್ತಿರಲಿಲ್ಲ. ಅವರನ್ನ ನಂಬಿದೆ."

"ಅವರು ಸುಳ್ಳು ಹೇಳಿದ್ದು ನಿನಗೆ ಗೊತ್ತಿರಲಿಲ್ಲ. ಅದು ಸರಿ. ಆದ್ರೆ ಮೊದಲು ನೋಡಿದ್ದು ನೀನು ತಾನೇ? ಅರ್ಧ ಮಾತು ಕೇಳುತ್ತೆ, ಅರ್ಧ ಕೇಳಲ್ಲ ಅಂತ ನಕ್ಕೆ. ಅವತ್ತು ನನ್ನ ರಕ್ತ ಸರಿಯಾಗೇ ಹೇಳಿತ್ತು. ನೀನು ಟ್ಯೂಬನ್ನ ಬೈದೆ."

ಗುಬ್ಬಿ ತೂಗಾಟ ನಿಂತ ಚೀಲದ ಕಡೆ ನೋಡಿದಳು.

"ಮೊಲ ಮೊಲ ಅಂತ ನಾನೇ ಹೇಳ್ತಿದ್ದೆ" ಎಂದ ಅಣ್ಣ, ನಗುವ ಹಾಗೆ ತುಟಿ ಎಳೆದು. "ಆದ್ರೆ ಮೊಲದ ರಕ್ತ ಹೊರೋಕೆ ಅದರ ತಂಗಿ ಬರಲ್ಲ ನೋಡು."

ಸಿಸ್ಟರ್ ಬಂದು ಸೂಜಿ ತೆಗೆದರು. ಅಭ್ಯಾಸಬಲ, ಗುಬ್ಬಿ ತಟ್ಟೆಯಿಂದ ಹತ್ತಿ ಎತ್ತಿಕೊಂಡು ಹೆಬ್ಬೆರಳು ಮುಂದೆ ಮಾಡಿದಳು. ಅಣ್ಣ ಅವಳ ಕೈಯಿಂದ ಹತ್ತಿಯನ್ನು ಮೆಲ್ಲಗೆ ಬಿಡಿಸಿಕೊಂಡ. ಸಿಟ್ಟಿನಿಂದಲ್ಲ, ಬೇರೆಯವರ ಮನೆಯಲ್ಲಿ ತನ್ನ ತಟ್ಟೆ ತಾನೇ ಎತ್ತಿಕೊಳ್ಳುವವನ ಹಾಗೆ. ತನ್ನ ಬಿಳಿಚಿದ ಬೆರಳಿನಿಂದ ತಾನೇ ಒತ್ತಿ ಹಿಡಿದು, ತೋಳು ಮಡಚಿ, ಗೋಡೆಯ ಕಡೆ ತಿರುಗಿದ.

ಕುರ್ಚಿಯ ಪಕ್ಕದಲ್ಲಿ ಅವಳಿಗೆಂದು ಇಟ್ಟಿದ್ದ ಐಸಿನ ಡಬ್ಬಿಯ ಮುಚ್ಚಳ ತೆರೆದಿತ್ತು. ಸಿಸ್ಟರ್ ಅರ್ಧ ತುಂಬಿದ ಚೀಲ ಎತ್ತಿ, ಇದನ್ನೇನು ಮಾಡಲಿ ಎಂಬಂತೆ ಅವಳ ಮುಖ ನೋಡಿದರು. ಅದು ಇನ್ನೂ ಬೆಚ್ಚಗಿತ್ತು.